ಪರದೆ ಕಾಯುವ ಹದಿನೈದು ಸೆಕೆಂಡು

ಗೇಮ್ ಚಾಲೂ ಆಗದೇ ಇದ್ದರೆ ನಮ್ಮ ಕಡೆಯ ಹುಡುಗರು ನನಗೆ ಫೋನ್ ಮಾಡುವುದಿಲ್ಲ. ಗೆಳೆಯನ ಪೆನ್‌ಡ್ರೈವ್ ತಂದು ಇನ್ನೊಮ್ಮೆ ಹಾಕಿಕೊಂಡು ನೋಡುತ್ತಾರೆ, ಅದೂ ಆಗದಿದ್ದರೆ ಬೇರೆ ಗೇಮ್ ಹುಡುಕುತ್ತಾರೆ. ಫೋನ್ ಬರುವುದು ಗೇಮ್ ಚಾಲೂ ಆಗಿಯೂ ಕಣ್ಣಿಗೆ ಸರಿಬೀಳದಿದ್ದಾಗ. ‘ಅಣ್ಣಾ, ಸ್ಕ್ರೀನ್ ಪೂರಾ ಬರವಲ್ದು.’ ‘ಎರಡೂ ಬಾಜೂಕ ಕರಿ ಪಟ್ಟಿ ಬರ್ಲತಾವ.’ ‘ಆವಾಜ್ ಬರ್ತದ, ಸ್ಕ್ರೀನ್ ಮಾತ್ರ ಕರಿ ಆಗ್ಯದ.’ ‘ಬ್ಯಾಟ್ಸ್‌ಮನ್ ಡುಮ್ಮ ಕಾಣ್ಲತಾನ.’

ಜೇವರ್ಗಿ ತಾಲೂಕಿನ ನೆಲೋಗಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ ಬಂದ ನನಗೆ ಈ ಮಾತುಗಳು ಎಷ್ಟು ಹಳೆಯವೋ ಅಷ್ಟೇ ಹೊಸವು. ಹೊರಗಿನವರಿಗೆ ನೆಲೋಗಿ ಎಂದರೆ ಧರ್ಮಸಿಂಗ್ ಅವರ ಊರು, ಇಲ್ಲವೇ ಜೇವರ್ಗಿಯಿಂದ ಸಿಂದಗಿ, ವಿಜಯಪುರದ ಕಡೆ ಹೋಗುವಾಗ ಸಿಗುವ ನೆಲೋಗಿ ಕ್ರಾಸ್. ಧರ್ಮಸಿಂಗ್ ಅವರು ಮುಖ್ಯಮಂತ್ರಿಯಾಗಿದ್ದದ್ದು 2004ರಿಂದ 2006ರವರೆಗೆ. ಇಲ್ಲಿನ ಹುಡುಗರು ಇಂದಿಗೂ ಡೆಸ್ಕ್‌ಟಾಪಿನಲ್ಲಿ ಆಡುವ ಆಟಗಳೆಲ್ಲ ಹೆಚ್ಚುಕಡಿಮೆ ಆ ಹೊತ್ತಿನವೇ: 2003ರ ವೈಸ್ ಸಿಟಿ, ಅದೇ ವರ್ಷದ ಕೌಂಟರ್ ಸ್ಟ್ರೈಕ್ 1.6, 2005ರ ಸ್ಯಾನ್ ಆಂಡ್ರಿಯಾಸ್ ಮತ್ತು ಮೋಸ್ಟ್ ವಾಂಟೆಡ್, 2006ರ ಕೊನೆಗೆ ಬಂದ ಕ್ರಿಕೆಟ್ 07. ಈ ಆಟಗಳು ಬಂದಾಗ ಇವರಲ್ಲಿ ಬಹಳ ಮಂದಿ ಹುಟ್ಟಿರಲೇ ಇಲ್ಲ.

ಹಳೆ ಆಟಗಳ ಮೇಲಿನ ಮೋಹಕ್ಕಿಂತ ಇದಕ್ಕೆ ದೊಡ್ಡ ಕಾರಣ ಮನೆಯಲ್ಲಿರುವ ಮಷಿನ್ನು. ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಓಡಾಡುವಾಗ ಅಪ್ಪ ಮಕ್ಕಳ ಓದಿಗೆಂದು ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಡಿಸುತ್ತಾನೆ. ಅದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯಿಂದಲೋ, ಹೈದರಾಬಾದಿಗೆ ಹೋಗಿಬರುವವರಿದ್ದರೆ ಸಿಕಂದರಾಬಾದಿನ ಸಿಟಿಸಿ ಎಂಬ ಕಂಪ್ಯೂಟರ್ ಮಾರುಕಟ್ಟೆಯಿಂದಲೋ ಬರುತ್ತದೆ. ಯಾವುದೋ ಆಫೀಸಿನಲ್ಲಿ ಲೆಕ್ಕ ಬರೆದು ದಣಿದು ಬಂದ ಸಿಪಿಯು. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ, ಒಳಗೇ ಕೂತ ಇಂಟೆಲ್ ಗ್ರಾಫಿಕ್ಸ್ ಏನು ಎಳೆಯುತ್ತದೋ ಅಷ್ಟೇ. ಹೊಸ ಗೇಮ್ ಅದಕ್ಕೆ ಭಾರ. ಹಳೆ ಗೇಮ್ ಹಗುರ. ಆದರೆ ಅದರ ಎದುರಿಗಿಡುವ ಮಾನಿಟರ್ ಮಾತ್ರ ಹೊಸದು, ಅಗಲವಾದದ್ದು. ಎಷ್ಟೋ ಮನೆಗಳಲ್ಲಿ ಮಾನಿಟರೇ ಇಲ್ಲದೆ ಗೋಡೆಯ ಎಲ್‌ಇಡಿ ಟಿವಿಗೆ ಎಚ್‌ಡಿಎಂಐ ವೈರು ಚುಚ್ಚಿರುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಆಟ ಮತ್ತು ಮೊನ್ನೆ ಕೊಂಡ ಪರದೆ, ಎರಡರ ನಡುವೆ ಹತ್ತು ವರ್ಷದ ಹಿಂದಿನ ಸಿಪಿಯು. ಜಗಳ ಹುಟ್ಟುವುದು ಇಲ್ಲಿಯೇ.

ಆ ಆಟಗಳು ಹುಟ್ಟಿದ ಕಾಲದ ಪರದೆ ಡಬ್ಬಿಯಂಥ ಸಿಆರ್‌ಟಿ. ಅದರ ಅಗಲಕ್ಕೂ ಎತ್ತರಕ್ಕೂ ಇದ್ದ ಸಂಬಂಧ ನಾಲ್ಕಕ್ಕೆ ಮೂರು. 640×480, 800×600, 1024×768 ಎಲ್ಲವೂ ಇದೇ ಲೆಕ್ಕದವು. ಅದರಲ್ಲಿ ಚಿತ್ರ ಬರೆಯುತ್ತಿದ್ದದ್ದು ಹಿಂದಿನಿಂದ ಬರುವ ಎಲೆಕ್ಟ್ರಾನ್ ಕಿರಣ. ಕಿರಣ ಸಾಲು ಸಾಲಾಗಿ ಓಡುವಾಗ ಸಾಲುಗಳ ಲೆಕ್ಕ ಬದಲಾದರೂ ಪರದೆ ಹೊಂದಿಕೊಂಡುಬಿಡುತ್ತಿತ್ತು, ಚಿತ್ರ ತಿಳಿಯಾಗಿಯೇ ಇರುತ್ತಿತ್ತು. ಎಲ್‌ಸಿಡಿ ಹಾಗಲ್ಲ. ಅದರಲ್ಲಿ ಚುಕ್ಕೆಗಳನ್ನು ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿರುತ್ತಾರೆ. 1920×1080 ಎಂದರೆ 20,73,600 ಚುಕ್ಕೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. 1024×768ರ ಗೇಮ್ ಕಳಿಸುವುದು 7,86,432 ಚುಕ್ಕೆಯ ಚಿತ್ರ. ಅದನ್ನು ಈ ಪರದೆಯ ಮೇಲೆ ಪೂರ್ತಿ ಹರಡಬೇಕೆಂದರೆ ಅಡ್ಡಕ್ಕೆ 1.875 ಪಟ್ಟು, ಎತ್ತರಕ್ಕೆ ಸುಮಾರು 1.41 ಪಟ್ಟು ಎಳೆಯಬೇಕು. ಒಂದು ಚುಕ್ಕೆಯ ಪಾಲಿಗೆ ಯಾವ ದಿಕ್ಕಿನಲ್ಲೂ ಪೂರ್ತಿ ಎರಡು ಚುಕ್ಕೆ ಬರುವುದಿಲ್ಲ, ಒಂದರಲ್ಲೇ ನಿಲ್ಲುವ ಹಾಗೂ ಇಲ್ಲ. ಪಕ್ಕದ ಬಣ್ಣವನ್ನು ಕಲಸಿ ನಡುವಿನದನ್ನು ತುಂಬಬೇಕಾಗುತ್ತದೆ. ಆ ಕಲಸುವಿಕೆಯೇ ಕಣ್ಣಿಗೆ ಮಂಜು. ಅಡ್ಡಕ್ಕೆ ಎಳೆದದ್ದು ಎತ್ತರಕ್ಕೆ ಎಳೆದದ್ದಕ್ಕಿಂತ ಮೂರನೇ ಒಂದರಷ್ಟು ಹೆಚ್ಚಾದ್ದರಿಂದ ಬ್ಯಾಟ್ಸ್‌ಮನ್ ಡುಮ್ಮ.

ಹುಡುಗರಿಗೆ ಇದನ್ನು ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ. ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತರಿಸುತ್ತೇನೆ. ವೈಸ್ ಸಿಟಿಯಲ್ಲಿ ಕೆಳಗಿನ ಎಡಮೂಲೆಗೆ ದುಂಡನೆಯ ನಕಾಶೆ ಇರುತ್ತದೆ. ಅದನ್ನು ಮೊದಲು ಅಡ್ಡಕ್ಕೆ ಅಳೆ, ಆಮೇಲೆ ಉದ್ದಕ್ಕೆ ಅಳೆ ಎನ್ನುತ್ತೇನೆ. ಅಡ್ಡಕ್ಕೆ ಎಂಟು ಸೆಂಟಿಮೀಟರ್ ಬಂದರೆ ಉದ್ದಕ್ಕೆ ಆರು. ‘ಇದು ದುಂಡಗ ಇಲ್ಲಲ್ಲ!’ ಎಂದು ಅವರೇ ಕೂಗುತ್ತಾರೆ. ದಿನಾ ಸಂಜೆ ನೋಡಿದ ನಕಾಶೆ ಅದು. ನೋಡಿ ನೋಡಿ ಕಣ್ಣು ಮೊಟ್ಟೆಯ ಆಕಾರವನ್ನೇ ದುಂಡು ಎಂದು ಒಪ್ಪಿಕೊಂಡಿರುತ್ತದೆ. ಸ್ಕೇಲಿಗೆ ಅಂಥ ರೂಢಿ ಇಲ್ಲ.

ಇನ್ನೊಂದು ಸೋಜಿಗವನ್ನು ಅವರು ತಾವಾಗಿ ಕಂಡುಕೊಳ್ಳುತ್ತಾರೆ. ‘ಹಂಗಾರ ಗೇಮಿನ ಒಳಗ ಹೋಗಿ 1920×1080 ಇಡ್ತೀನಿ’ ಎನ್ನುತ್ತಾರೆ. ಇಟ್ಟರೆ ಚಿತ್ರದ ಅಂಚು ಚೂಪಾಗುತ್ತದೆ, ಮಂಜು ಹೋಗುತ್ತದೆ, ನಕಾಶೆ ಮಾತ್ರ ಮೊಟ್ಟೆಯಾಗಿಯೇ ಉಳಿಯುತ್ತದೆ. ಏಕೆಂದರೆ ಗೇಮು ದೊಡ್ಡ ಅಳತೆಗೆ ಹೂಂ ಎಂದಿತೇ ಹೊರತು ಅದನ್ನು ಬರೆದವರ ಮನಸ್ಸಿನಲ್ಲಿದ್ದ ಪರದೆ ನಾಲ್ಕಕ್ಕೆ ಮೂರರದ್ದೇ. ಮೇಲಿನ ಸಂಖ್ಯೆ ಬದಲಾಗಿದೆ, ಒಳಗಿನ ಎಣಿಕೆ ಬದಲಾಗಿಲ್ಲ. ಅದನ್ನು ಬದಲಿಸಲು ಹವ್ಯಾಸಿಗಳು ಬರೆದ ವೈಡ್‌ಸ್ಕ್ರೀನ್ ಫಿಕ್ಸ್ ಎಂಬ ಸಣ್ಣ ಫೈಲು ಬೇಕು. ಅದಿಲ್ಲದಿದ್ದರೆ 4:3ರ ಅಳತೆಯನ್ನೇ ಇಟ್ಟು, ಎತ್ತರ ತುಂಬುವಷ್ಟು ಮಾತ್ರ ಹಿಗ್ಗಿಸಿ, ಎರಡೂ ಬಾಜೂಕ ಕಪ್ಪು ಪಟ್ಟಿ ಬಿಡಬೇಕು. 1920ರಲ್ಲಿ 1440 ಚಿತ್ರಕ್ಕೆ, ಎಡಕ್ಕೆ 240, ಬಲಕ್ಕೆ 240 ಖಾಲಿ.

ಈ ದೋಷಗಳ ಬೆನ್ನು ಹತ್ತಿದವನಿಗೆ ಮೊದಲು ತಿಳಿಯುವ ಸಂಗತಿ ಏನೆಂದರೆ, ಒಂದೇ ಚಿತ್ರದ ಮೇಲೆ ನಾಲ್ವರ ಕೈ ಇರುತ್ತದೆ. ಗೇಮು, ವಿಂಡೋಸು, ಗ್ರಾಫಿಕ್ಸ್ ಡ್ರೈವರು, ಮಾನಿಟರು. ನಾಲ್ಕು ಮಂದಿ ಅಣ್ಣತಮ್ಮಂದಿರು ಒಂದೇ ಹೊಲಕ್ಕೆ ನಾಲ್ಕು ಅಳತೆ ಹೇಳಿದ ಹಾಗೆ, ‘ಪೂರ್ತಿ ಪರದೆ’ ಎಂದರೆ ಎಷ್ಟು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ತಮ್ಮ ಮಟ್ಟಿಗೆ ಸರಿಯಾಗಿಯೇ ಮಾಡಿರುತ್ತಾರೆ. ಆದ್ದರಿಂದ ಯಾವುದು ಕೆಟ್ಟಿದೆ ಎಂದು ಹುಡುಕುತ್ತ ಹೋದರೆ ಸಂಜೆಯಾಗುತ್ತದೆ, ಉತ್ತರ ಸಿಗುವುದಿಲ್ಲ. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ, ನಿನಗೆ ಎಷ್ಟು ಬಂತು, ನೀನು ಎಷ್ಟು ಕೊಟ್ಟೆ ಎಂದು ಕೇಳಬೇಕು.

ಕೇಳುವುದಕ್ಕೆ ಮೊದಲ ಸಾಕ್ಷಿ ಮಾನಿಟರು. ಅದರ ಅಂಚಿನ ಕೆಳಗಿನ ಮೆನು ಬಟನ್ ಒತ್ತಿದರೆ, ತನಗೆ ಬರುತ್ತಿರುವ ಚಿತ್ರ ಯಾವ ಅಳತೆಯದು, ಎಷ್ಟು ಹರ್ಟ್ಸ್‌ನದು ಎಂದು ಬಹಳ ಮಾನಿಟರ್‌ಗಳು ತಾವೇ ತೋರಿಸುತ್ತವೆ. ಗೇಮ್ ಓಡುತ್ತಿರುವಾಗ ಅಲ್ಲಿ 1024×768 ಎಂದಿದ್ದರೆ ಚಿತ್ರವನ್ನು ಎಳೆಯುತ್ತಿರುವುದು ಮಾನಿಟರೇ. ಮದ್ದು ಅದರ ಮೆನುವಿನಲ್ಲಿದೆ. 1920×1080 ಎಂದಿದ್ದೂ ಬ್ಯಾಟ್ಸ್‌ಮನ್ ಡುಮ್ಮಗಿದ್ದರೆ ಎಳೆತ ಒಳಗೇ, ಗೇಮಿನಲ್ಲೋ ಡ್ರೈವರ್‌ನಲ್ಲೋ, ಆಗಿಹೋಗಿದೆ. ಮಾನಿಟರಿನ ಬಟನ್ ಎಷ್ಟು ಒತ್ತಿದರೂ ಫಲವಿಲ್ಲ. ಅರ್ಧ ಗೊಂದಲ ಈ ಒಂದು ಬಟನ್ನಿನಿಂದ ಹರಿದುಹೋಗುತ್ತದೆ. ಆದರೂ ಅದನ್ನು ಒತ್ತುವವರು ಕಡಿಮೆ, ಎಲ್ಲರ ಕೈಯೂ ಮೌಸ್ ಮೇಲೆಯೇ ಇರುತ್ತದೆ.

ಟಿವಿಯ ಕಥೆ ಬೇರೆ. ಹಳೆ ಟಿವಿಗಳಲ್ಲಿ ಚಿತ್ರದ ಅಂಚು ಸೊಟ್ಟಗಿರುತ್ತಿದ್ದುದರಿಂದ ಅದನ್ನು ಚೌಕಟ್ಟಿನ ಹಿಂದೆ ಮುಚ್ಚುವ ರೂಢಿ ಬೆಳೆದಿತ್ತು. ಚೌಕಟ್ಟೂ ಬದಲಾಯಿತು, ಪರದೆಯೂ ಬದಲಾಯಿತು, ರೂಢಿ ಮಾತ್ರ ಎಲ್‌ಇಡಿ ಟಿವಿಯ ಒಳಗೂ ಉಳಿದಿದೆ. ಹಾಗಾಗಿ ಕಂಪ್ಯೂಟರ್ ಹಚ್ಚಿದಾಗ ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿಹೋಗುತ್ತದೆ, ಗೇಮಿನಲ್ಲಿ ಸ್ಕೋರು ಕಾಣುವುದಿಲ್ಲ. ಟಿವಿಯ ರಿಮೋಟಿನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಇಟ್ಟರೆ ಮುಗಿಯಿತು. ಅಕ್ಷರ ದೊಡ್ಡದಾಗಲೆಂದು ವಿಂಡೋಸಿನಲ್ಲಿ ಸ್ಕೇಲಿಂಗ್ ಶೇಕಡಾ 125 ಇಟ್ಟುಕೊಂಡ ಲ್ಯಾಪ್‌ಟಾಪಿನಲ್ಲಿ ಹಳೆ ಗೇಮ್ ಪರದೆಯಿಂದ ಹೊರಗೆ ಚೆಲ್ಲುತ್ತದೆ. ಅದಕ್ಕೆ ಗೇಮಿನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ. ಆಲ್ಟ್ ಮತ್ತು ಟ್ಯಾಬ್ ಒತ್ತಿ ಹೊರಗೆ ಹೋದವರು ಗೇಮಿಗೆ ಮರಳುವಾಗ ಕಪ್ಪಾದರೆ ಅದೇ ಜಾಗದಲ್ಲಿ ‘ಡಿಸೇಬಲ್ ಫುಲ್‌ಸ್ಕ್ರೀನ್ ಆಪ್ಟಿಮೈಸೇಶನ್ಸ್’ಗೆ ಟಿಕ್ ಹಾಕಿ ನೋಡಬೇಕು.

ವಿಂಡೋಸ್ 7ರ ಕಾಲದ್ದೊಂದು ನೆನಪಿದೆ, ಹೇಳಿ ಮುಂದೆ ಹೋಗುತ್ತೇನೆ. ಏಜ್ ಆಫ್ ಎಂಪೈರ್ಸ್ ಎರಡನೆಯದರಲ್ಲಿ ಹುಲ್ಲು ನೇರಳೆಯಾಗಿ, ನೀರು ಕೆಂಪಾಗಿ ಕಾಣುತ್ತಿತ್ತು. 1999ರ ಆ ಆಟ 256 ಬಣ್ಣಗಳ ಒಂದು ಪಟ್ಟಿ ಇಟ್ಟುಕೊಂಡು ಚಿತ್ರ ಬರೆಯುತ್ತದೆ, ಹಿಂದೆ ನಿಂತ ವಿಂಡೋಸಿನ ಎಕ್ಸ್‌ಪ್ಲೋರರ್ ಬಂದು ಆ ಪಟ್ಟಿಗೆ ಕೈ ಹಾಕುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸ್‌ಪ್ಲೋರರ್ ಬಂದ್ ಮಾಡಿ ಗೇಮ್ ಹಚ್ಚಿದರೆ ಹುಲ್ಲು ಹಸಿರು. ಆಟದ ದೋಷವೆಂದು ಆಟವನ್ನು ಎಷ್ಟು ಸಲ ಹೊಸದಾಗಿ ಹಾಕಿಕೊಂಡರೂ ಅದು ಹೋಗುತ್ತಿರಲಿಲ್ಲ, ಏಕೆಂದರೆ ದೋಷ ಆಟದಲ್ಲಿ ಇರಲೇ ಇಲ್ಲ.

ಇನ್ನು ಇಂಟೆಲ್ ಗ್ರಾಫಿಕ್ಸ್‌ನ ಹಳೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ವಿಚಿತ್ರವಿದೆ, ಅದರ ಬಗ್ಗೆ ಬಹಳ ಯೋಚಿಸಿದ್ದೇನೆ. ಚಿತ್ರದ ಪ್ರಮಾಣ ಕಾಯ್ದುಕೊಳ್ಳುವ ‘ಮೇಂಟೇನ್ ಆಸ್ಪೆಕ್ಟ್ ರೇಶಿಯೋ’ ಎಂಬ ಆಯ್ಕೆ ಪರದೆ ತನ್ನ ಸ್ವಂತ ಅಳತೆಯಲ್ಲಿ ಇರುವಾಗ ಕಾಣಿಸುವುದೇ ಇಲ್ಲ. ಡೆಸ್ಕ್‌ಟಾಪನ್ನು ಬೇಕೆಂದೇ 1024×768ಕ್ಕೆ ಇಳಿಸಬೇಕು, ಎಲ್ಲ ಡುಮ್ಮಗಾದ ಮೇಲೆ ಆ ಆಯ್ಕೆ ಮೇಲೆ ಬರುತ್ತದೆ, ಅದನ್ನು ಒತ್ತಿ ಉಳಿಸಿ ಮತ್ತೆ 1920×1080ಕ್ಕೆ ಮರಳಬೇಕು. ಎಲ್ಲ ಸರಿಯಿದ್ದಾಗ ತಿದ್ದುವ ದಾರಿ ಮುಚ್ಚಿರುತ್ತದೆ. ಕೆಟ್ಟ ಸ್ಥಿತಿಗೆ ತಾನಾಗಿ ಇಳಿದವನಿಗೆ ಮಾತ್ರ ಅದು ಸಿಗುತ್ತದೆ. ಹುಡುಗರಿಗೆ ಇದನ್ನು ಮಾಡಿಸುವಾಗ ಅವರ ಮುಖದಲ್ಲಿ ಹೆದರಿಕೆ ಕಾಣುತ್ತದೆ: ಸರಿ ಮಾಡಲು ಬಂದವರು ಇನ್ನಷ್ಟು ಕೆಡಿಸುತ್ತಿದ್ದಾರಲ್ಲ ಎಂದು. ಆ ಹೆದರಿಕೆಯನ್ನು ಹಾದು ಹೋಗುವುದೇ ದೊಡ್ಡ ಕಲಿಕೆ ಎಂದು ನನಗನ್ನಿಸುತ್ತದೆ.

ಕಪ್ಪು ಪಟ್ಟಿ ಬಿಟ್ಟು ಕೊಟ್ಟರೆ ಎಲ್ಲರೂ ಒಪ್ಪುತ್ತಾರೆಂದಲ್ಲ. ‘ಇಷ್ಟು ದೊಡ್ಡ ಸ್ಕ್ರೀನಿಗೆ ರೊಕ್ಕ ಕೊಟ್ಟೀವಿ, ಅರ್ಧ ಖಾಲಿ ಬಿಡ್ಲೇನು?’ ಎಂದು ಅಪ್ಪಂದಿರೇ ಕೇಳುತ್ತಾರೆ. ತುಂಬಿದ್ದರೆ ಸಮಾಧಾನ, ಖಾಲಿ ಕಂಡರೆ ನಷ್ಟ. ಆ ಭಾವನೆ ನನಗೆ ಅರ್ಥವಾಗುತ್ತದೆ, ದುಡಿದು ಕೊಂಡ ಪರದೆ ಅದು. ಕೌಂಟರ್ ಸ್ಟ್ರೈಕ್ ಆಡುವ ಕೆಲವರು ತಿಳಿದೇ ಎಳೆದುಕೊಳ್ಳುತ್ತಾರೆ: ಎದುರಾಳಿ ಅಗಲವಾಗಿ ಕಂಡರೆ ಗುರಿ ಹಿಡಿಯುವುದು ಸುಲಭ ಎಂಬುದು ಅವರ ನಂಬಿಕೆ. ಜಗತ್ತಿನ ದೊಡ್ಡ ಆಟಗಾರರಲ್ಲೂ ಹಾಗೆ ಆಡುವವರಿದ್ದಾರೆ. ಅವರನ್ನು ನಾನು ತಿದ್ದಲು ಹೋಗುವುದಿಲ್ಲ. ಚಿತ್ರ ಸೊಟ್ಟಗಿದೆ ಎಂದು ಗೊತ್ತಿದ್ದು ಸೊಟ್ಟಗಿಟ್ಟುಕೊಂಡವನಿಗೂ, ಅದೇ ಸರಿ ಎಂದುಕೊಂಡು ನೋಡುತ್ತಿರುವವನಿಗೂ ಬಹಳ ವ್ಯತ್ಯಾಸವಿದೆ. ಮೊದಲನೆಯವನು ಆರಿಸಿಕೊಂಡಿದ್ದಾನೆ. ಎರಡನೆಯವನ ಪರವಾಗಿ ಯಾರೋ ಆರಿಸಿದ್ದಾರೆ, ಅವನಿಗೆ ತಿಳಿಸಿಲ್ಲ.

ಈ ಆರಿಸುವ ಮಾತು ಬಂದಾಗಲೆಲ್ಲ ವಿಂಡೋಸಿನ ಒಂದು ಸಣ್ಣ ಪೆಟ್ಟಿಗೆಯ ಕಡೆಗೆ ನನ್ನ ಮನಸ್ಸು ಹೋಗುತ್ತದೆ. ಪರದೆಯ ಅಳತೆ ಬದಲಿಸಿದ ಕೂಡಲೇ ನಡುವೆ ಒಂದು ಪ್ರಶ್ನೆ ಬರುತ್ತದೆ: ಈ ಬದಲಾವಣೆ ಇಟ್ಟುಕೊಳ್ಳುತ್ತೀರಾ? ಪಕ್ಕದಲ್ಲಿ 15ರಿಂದ ಕೆಳಗೆ ಎಣಿಕೆ. ಇಟ್ಟುಕೊಳ್ಳುತ್ತೇನೆ ಎಂದು ಒತ್ತಿದರೆ ಬದಲಾವಣೆ ಉಳಿಯುತ್ತದೆ. ಏನೂ ಒತ್ತದೆ 15 ಸೆಕೆಂಡು ಕಳೆದರೆ ಮೊದಲಿನ ಸ್ಥಿತಿಗೆ ತಾನೇ ಮರಳುತ್ತದೆ.

ದಿನವೂ ನೋಡುವವರು ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಅದರ ಹಿಂದಿನ ಯೋಚನೆಯನ್ನು ಬಿಡಿಸಿ ನೋಡಬೇಕು. ಕಂಪ್ಯೂಟರಿನಲ್ಲಿ ಬೇರೆ ಏನನ್ನೇ ತಪ್ಪಾಗಿ ಬದಲಿಸಿದರೂ, ತಪ್ಪಾಯಿತು ಎಂಬುದು ಪರದೆಯ ಮೇಲೆ ಕಾಣುತ್ತದೆ, ನೋಡಿ ತಿದ್ದಬಹುದು. ಪರದೆಯನ್ನೇ ತಪ್ಪಾಗಿ ಬದಲಿಸಿದರೆ ತಿದ್ದುವ ಕಣ್ಣೇ ಹೋಗುತ್ತದೆ. ಮಾನಿಟರಿಗೆ ಆಗದ ಅಳತೆ ಅಥವಾ ಹರ್ಟ್ಸ್ ಕಳಿಸಿದರೆ ಅದು ‘ಔಟ್ ಆಫ್ ರೇಂಜ್’ ಎಂಬ ಚೌಕವನ್ನು ಮಾತ್ರ ತೋರಿಸಿ ಕಪ್ಪಾಗುತ್ತದೆ. ಆ ಕತ್ತಲೆಯ ಹಿಂದೆ ‘ಬೇಡ’ ಎಂಬ ಬಟನ್ ಇದೆ, ಕೂತವನಿಗೆ ಕಾಣುತ್ತಿಲ್ಲ. ಕಾಣದವನು ಒತ್ತಲಾರ. ಅಂಥವನ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎಂದು ತೆಗೆದುಕೊಂಡರೆ ಅವನು ಶಾಶ್ವತವಾಗಿ ಕತ್ತಲಲ್ಲಿ ಉಳಿಯುತ್ತಾನೆ. ಆದ್ದರಿಂದ ಈ ಪೆಟ್ಟಿಗೆಯನ್ನು ಬರೆದವರು ನಿಯಮವನ್ನು ತಿರುಗಿಸಿಟ್ಟರು: ಸುಮ್ಮನಿದ್ದರೆ ಬೇಡ ಎಂದು ಅರ್ಥ. ನಾವು ಮಾಡಿದ ಬದಲಾವಣೆಯೇ ಎದುರಿನವನ ಬಾಯಿ ಕಟ್ಟಿರಬಹುದು ಎಂಬ ಎಚ್ಚರ ಅದರಲ್ಲಿದೆ. ಇದನ್ನು ಯೋಚಿಸಿದವರು ಯಾರೋ ನನಗೆ ತಿಳಿಯದು, ಅವರ ಮೇಲೆ ಗೌರವ ಮಾತ್ರ ಬೆಳೆದಿದೆ.

ಹಳೆ ಆಟಗಳಲ್ಲಿ ಎಷ್ಟೋ ಕಡೆ ಈ ಎಣಿಕೆ ಇಲ್ಲ. ಆಗದ ಅಳತೆ ಇಟ್ಟೆವೆಂದರೆ ಗೇಮು ಅದನ್ನೇ ಬರೆದಿಟ್ಟುಕೊಂಡು ಪ್ರತಿ ಸಲವೂ ಕಪ್ಪಾಗಿಯೇ ಏಳುತ್ತದೆ. ಗೇಮನ್ನು ತೆಗೆದು ಮತ್ತೆ ಹಾಕಿದರೂ ಹೋಗುವುದಿಲ್ಲ, ಏಕೆಂದರೆ ಆ ನೆನಪು ಗೇಮಿನ ಫೋಲ್ಡರಿನಲ್ಲಿ ಇರದೆ ಎಷ್ಟೋ ಸಲ ಡಾಕ್ಯುಮೆಂಟ್ಸ್ ಒಳಗೆ ಇರುತ್ತದೆ. ವೈಸ್ ಸಿಟಿಯದಾದರೆ ಅಲ್ಲಿ ‘ಜಿಟಿಎ ಅಂಡರ್‌ಸ್ಕೋರ್ ವಿಸಿ ಡಾಟ್ ಸೆಟ್’ ಎಂಬ ಸಣ್ಣ ಫೈಲು. ಅದನ್ನು ಅಳಿಸಿದರೆ ಗೇಮು ಹಳೆಯದನ್ನು ಮರೆತು ಮೊದಲಿನ ಅಳತೆಗೆ ಬರುತ್ತದೆ. ಹುಡುಗರಿಗೆ ಈಗ ರೂಢಿ ಮಾಡಿಸಿದ್ದೇನೆ: ಏನನ್ನೇ ಬದಲಿಸುವ ಮುಂಚೆ ಆ ಫೈಲಿನ ಒಂದು ಪ್ರತಿ ಪಕ್ಕಕ್ಕಿಡಬೇಕು, ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು, ಪರದೆಯ ಸ್ವಂತ ಅಳತೆಯನ್ನು ಟೇಪಿನ ಮೇಲೆ ಬರೆದು ಮಾನಿಟರಿನ ಹಿಂದೆ ಅಂಟಿಸಬೇಕು. ಮತ್ತೆ ಪರದೆ ಕಪ್ಪಾದರೆ ಪವರ್ ಬಟನ್ನಿಗೆ ಹೋಗುವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು 15 ಎಣಿಸಬೇಕು. ಈ ಕೊನೆಯದು ಎಲ್ಲಕ್ಕಿಂತ ಕಷ್ಟ. ಕರೆಂಟ್ ಹೋಗಿಬರುವ ಊರಿನಲ್ಲಿ ಬೆಳೆದ ಕೈಗೆ ಕತ್ತಲಾದ ಕೂಡಲೇ ಏನಾದರೂ ಒಂದನ್ನು ಒತ್ತಬೇಕು.

ಫೋನಿನಲ್ಲಿ ರಿಪೇರಿ ಹೇಳಿಕೊಡುವಾಗಲೂ ಇದೇ ತೊಡಕು. ‘ಈಗ ಏನ್ ಮಾಡ್ಲಿ, ಹೇಳ್ರಿ’ ಎನ್ನುತ್ತಾರೆ. ‘ಏನೂ ಮಾಡಬ್ಯಾಡ ತಮ್ಮಾ, ಏನ್ ಕಾಣ್ತದ ಅದನ್ನ ಹೇಳು’ ಎನ್ನುತ್ತೇನೆ. ‘ಏನೂ ಕಾಣವಲ್ದ್ರಿ.’ ‘ಪೂರಾ ಕರಿ ಅದನೋ, ನಡುವ ಏನರ ಅಕ್ಷರ ತಿರಗ್ಲತಾವೋ? ಮಾನಿಟರಿನ ಲೈಟ್ ಯಾ ಬಣ್ಣ ಅದ?’ ಹೀಗೆ ಕೇಳುತ್ತ ಹೋದರೆ ಏನೂ ಕಾಣುತ್ತಿಲ್ಲ ಎಂದವನಿಗೆ ಎಷ್ಟೋ ಕಾಣತೊಡಗುತ್ತದೆ. ಅಕ್ಷರ ತಿರುಗುತ್ತಿದ್ದರೆ ಅಳತೆಯ ತಪ್ಪು. ಲೈಟ್ ಬಣ್ಣ ಬದಲಿಸಿದ್ದರೆ ಮಾನಿಟರಿಗೆ ಚಿತ್ರವೇ ಬರುತ್ತಿಲ್ಲ, ವೈರು ನೋಡಬೇಕು. ಲೈಟ್ ಸರಿಯಿದ್ದು, ಪೂರಾ ಕಪ್ಪಿದ್ದು ಆವಾಜ್ ಬರುತ್ತಿದ್ದರೆ ಆಲ್ಟ್ ಮತ್ತು ಎಂಟರ್ ಒತ್ತಿ ನೋಡಬಹುದು, ಕೆಲವು ಆಟಗಳು ಅದರಿಂದ ಕಿಟಕಿಯ ಗಾತ್ರಕ್ಕೆ ಇಳಿಯುತ್ತವೆ. ವಿಂಡೋಸ್ 10ರಲ್ಲಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಹಿಡಿದು ಬಿ ಒತ್ತಿದರೆ ಡ್ರೈವರ್ ಒಮ್ಮೆ ಮೈ ಕೊಡವಿ ಏಳುತ್ತದೆ. ನೋಡಿದ್ದನ್ನು ನೋಡಿದ ಹಾಗೆ ಹೇಳಲು ಬಂದ ಹುಡುಗನಿಗೆ ನನ್ನ ಅರ್ಧ ವಿದ್ಯೆ ಬಂದ ಹಾಗೆಯೇ.

ಆ 15 ಸೆಕೆಂಡಿನ ಪೆಟ್ಟಿಗೆ ನನ್ನನ್ನು ಆಟದಾಚೆಗೂ ಕಾಡಿದೆ. ನಾನು ರಿಪೇರಿಗೆ ಹೋಗುವ ಅಂಗಡಿಗಳಲ್ಲಿ ಹಗಲು ಹೊತ್ತು ನಡೆಯುವುದು ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ. ಕೈಬರಹದ ಪಹಣಿ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿತು. ಹೊಲದ ಖಾತಾ ಬದಲಾಗುವ ಮುಂಚೆ ನೋಟಿಸು ಹೊರಡುತ್ತದೆ, ಚಾವಡಿಯಲ್ಲಿ ಅಂಟಿಸುತ್ತಾರೆ. ಗೊತ್ತುಪಡಿಸಿದ ದಿನದೊಳಗೆ ತಕರಾರು ಬರದಿದ್ದರೆ ಬದಲಾವಣೆ ಮಂಜೂರು. ಇಲ್ಲಿ ಸುಮ್ಮನಿದ್ದರೆ ಹೂಂ ಎಂದು ಅರ್ಥ. ಈ ನಿಯಮಕ್ಕೆ ಕಾರಣವಿದೆ ಎಂಬುದನ್ನು ಒಪ್ಪುತ್ತೇನೆ. ಎಲ್ಲರೂ ಬಂದು ಬಾಯಿಬಿಟ್ಟು ಒಪ್ಪಿಗೆ ಹೇಳುವವರೆಗೆ ಕಾಯಬೇಕೆಂದರೆ ಒಬ್ಬ ಹಟಮಾರಿ ಊರಿನ ಎಲ್ಲ ವ್ಯವಹಾರವನ್ನೂ ನಿಲ್ಲಿಸಿಬಿಡಬಹುದು, ಬಡವನ ನ್ಯಾಯವಾದ ಖಾತಾ ಕೂಡ ಎಂದಿಗೂ ಆಗದು. ಆದರೆ ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಹೈದರಾಬಾದಿಗೋ ಪುಣೆಗೋ ಗೌಂಡಿ ಕೆಲಸಕ್ಕೆ ಹೋದ ಕುಟುಂಬಕ್ಕೆ ಚಾವಡಿಯ ಗೋಡೆ ಕಾಣುವುದಿಲ್ಲ. ಅವರು ಸುಮ್ಮನಿರುವುದು ಒಪ್ಪಿದ್ದರಿಂದ ಅಲ್ಲ.

ಹಾಗಾದರೆ ಸುಮ್ಮನಿರುವುದು ಯಾವಾಗ ಹೂಂ, ಯಾವಾಗ ಬೇಡ? ಬಹಳ ದಿನ ಯೋಚಿಸಿ ನಾನು ಬಂದು ನಿಂತಿರುವುದು ಇಲ್ಲಿಗೆ: ವಿಷಯ ಅವನ ಕಣ್ಣಿಗೆ ಬಿದ್ದದ್ದು ಖಾತ್ರಿಯಿದ್ದರೆ ಅವನ ಸುಮ್ಮನಿರುವಿಕೆಯನ್ನು ಹೂಂ ಎಂದುಕೊಳ್ಳಬಹುದು. ಕಣ್ಣಿಗೆ ಬಿತ್ತೋ ಇಲ್ಲವೋ ಎಂಬುದೇ ಅನುಮಾನವಿದ್ದರೆ, ಬದಲಾವಣೆಯ ಸ್ವಭಾವವೇ ಕಣ್ಣನ್ನು ಮುಚ್ಚುವಂಥದ್ದಾಗಿದ್ದರೆ, ಅದನ್ನು ಬೇಡ ಎಂದೇ ಓದಬೇಕು. ಪರದೆಯ ಅಳತೆ ಎರಡನೆಯ ಜಾತಿಯದು. ನಮ್ಮ ಕಾಗದಪತ್ರಗಳಲ್ಲಿ ಎಷ್ಟು ಈ ಜಾತಿಯವು ಎಂದು ಎಣಿಸಿ ನೋಡಿದವರು ಇದ್ದಾರೆಯೇ?

ಒಂದು ಕಡೆಯಾದರೂ ಈ ಎಚ್ಚರ ಬರಹದಲ್ಲಿ ಬಂದಿದೆ. ಆಧಾರ್ ನೋಂದಣಿ ಮಾಡುವ ಕಡೆ ಬಂದವರು ತಮ್ಮ ವಿವರವನ್ನು ತಾವೇ ನೋಡಿಕೊಳ್ಳಲೆಂದು ಇನ್ನೊಂದು ಮಾನಿಟರ್ ಇರಬೇಕು ಎಂದು ಅದರ ಸಲಕರಣೆಯ ಪಟ್ಟಿಯಲ್ಲಿದೆ, ಅದರ ಅಳತೆ 1024×768ಕ್ಕಿಂತ ಮೇಲಿರಬೇಕೆಂದೂ ಇದೆ. ನಮ್ಮ ಹುಡುಗರು ಗೇಮಿಗಾಗಿ ಬಡಿದಾಡುವ ಅದೇ ಸಂಖ್ಯೆ ಅಲ್ಲಿ ಕಂಡಾಗ ನನಗೆ ಖುಷಿಯಾಯಿತು. ಬೇರೆ ಸೇವೆಗಳ ಕೌಂಟರಿನಲ್ಲಿ ಪರದೆಯ ಮುಖ ಆಪರೇಟರ್ ಕಡೆಗೇ. ಹೊಲದವನು ಈ ಕಡೆ ನಿಂತು, ಕೀಬೋರ್ಡಿನ ಸಪ್ಪಳ ಕೇಳುತ್ತ, ತನ್ನ ಹೆಸರು ಹೇಗೆ ಬಿತ್ತು ಎಂದು ಪ್ರಿಂಟ್ ಬಂದ ಮೇಲೆಯೇ ತಿಳಿಯುತ್ತಾನೆ.

ಪರಿಚಯದ ಒಂದು ಅಂಗಡಿಯಲ್ಲಿ ಮೂಲೆಗಿಟ್ಟಿದ್ದ ಹಳೆ ಮಾನಿಟರನ್ನು ತೆಗೆದು ಗಿರಾಕಿಯ ಕಡೆಗೆ ತಿರುಗಿಸಿ ಹಚ್ಚಿಕೊಟ್ಟೆ. ಅಲ್ಲೂ ನಮ್ಮ ತಂಟೆ ಬಿಡಲಿಲ್ಲ. ಎರಡೂ ಪರದೆಯಲ್ಲಿ ಒಂದೇ ಚಿತ್ರ ಬರಲೆಂದು ಡುಪ್ಲಿಕೇಟ್ ಇಟ್ಟರೆ ವಿಂಡೋಸು ಎರಡಕ್ಕೂ ಒಗ್ಗುವ ಒಂದು ಅಳತೆ ಹುಡುಕುತ್ತದೆ. ಒಂದು 1920×1080, ಇನ್ನೊಂದು 1366×768 ಇದ್ದರೆ ಒಬ್ಬರಿಗೆ ಮಂಜು ತಪ್ಪಿದ್ದಲ್ಲ. ಯಾರಿಗೆ ತಿಳಿಯಾಗಿ ಕಾಣಬೇಕು ಎಂಬ ಪ್ರಶ್ನೆ ಅಲ್ಲಿ ನಿಜವಾಗಿಯೂ ಎದುರಾಯಿತು. ದಿನವಿಡೀ ಕೂತು ಟೈಪ್ ಮಾಡುವವನ ಕಣ್ಣು ನೋಯಬಾರದು, ಸರಿ. ಆದರೆ ಹೆಸರಿನ ಒಂದು ಒತ್ತಕ್ಷರ ತಪ್ಪಿದರೆ ವರ್ಷಗಟ್ಟಲೆ ಅಲೆಯುವವನು ಈಚೆ ನಿಂತಿದ್ದಾನೆ. ಗಿರಾಕಿಯ ಪರದೆಯ ಸ್ವಂತ ಅಳತೆಯನ್ನೇ ಇಟ್ಟೆವು. ಅಂಗಡಿಯ ಹುಡುಗ ಮೊದಮೊದಲು ಗೊಣಗಿದ, ಆಮೇಲೆ ತಾನೇ ಅಕ್ಷರ ದೊಡ್ಡದು ಮಾಡಿಕೊಂಡ. ಹೆಸರು ಟೈಪ್ ಮಾಡಿದ ಮೇಲೆ ಕೈ ನಿಲ್ಲಿಸಿ ‘ನೋಡ್ರಿ ಕಾಕಾ, ಬರೋಬ್ಬರಿ ಅದ ಏನು?’ ಎಂದು ಕೇಳುವುದನ್ನೂ ಕಲಿತ. ಓದು ಬಾರದ ಕಾಕಾ ಜೊತೆಗೆ ಬಂದ ಮೊಮ್ಮಗಳನ್ನು ಮುಂದೆ ಬಿಡುತ್ತಾನೆ, ಅವಳು ಬೆರಳಿಟ್ಟು ಓದುತ್ತಾಳೆ.

ಡೆಸ್ಕ್‌ಟಾಪಿನ ಈ ಪಾಡು ಇನ್ನೆಷ್ಟು ದಿನ ಇರುತ್ತದೋ. ಈಗಿನ ಮಕ್ಕಳ ಕೈಯಲ್ಲಿ ಮೊದಲು ಬರುವುದು ಫೋನು. ಫೋನಿನ ಗೇಮು ಅಳತೆಯನ್ನು ಕೇಳುವುದಿಲ್ಲ, ಪರದೆ ನೋಡಿ ತಾನೇ ಹೊಂದಿಕೊಳ್ಳುತ್ತದೆ, ಕ್ಯಾಮೆರಾದ ತೂತನ್ನೂ ಸುತ್ತಿಕೊಂಡು ಹೋಗುತ್ತದೆ. ಡೆಸ್ಕ್‌ಟಾಪಿನ ಹೊಸ ಗೇಮುಗಳೂ ಅಂಚಿಲ್ಲದ ಕಿಟಕಿಯಲ್ಲಿ ತೆರೆದುಕೊಂಡು ಈ ಗೊಡವೆಯನ್ನೇ ಮುಚ್ಚಿಡುತ್ತಿವೆ. ಅನುಕೂಲ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಆ ಮಗುವಿಗೆ, ಎದುರಿಗೆ ಕಾಣುವ ಚಿತ್ರವನ್ನು ಯಾರೋ ಅಳೆದು, ಕತ್ತರಿಸಿ, ಎಳೆದು ಕೂರಿಸಿದ್ದಾರೆ ಎಂಬ ಸುಳಿವೇ ಸಿಗುವುದಿಲ್ಲ. ಸ್ಕೇಲ್ ಹಿಡಿದು ಪರದೆ ಅಳೆಯುವ ಸಂದರ್ಭ ಅದಕ್ಕೆ ಬರುವುದೇ ಇಲ್ಲ.

ಹಾಗಾಗಿ, ಹಳೆ ಕಂಪ್ಯೂಟರ್ ಗುಜರಿಗೆ ಹಾಕಲೇ ಎಂದು ಕೇಳಿ ಬಂದವರಿಗೆ ನಾನು ಹೇಳುವುದು ಒಂದೇ: ಬೋರ್ಡ್ ಸರಿಯಿದ್ದರೆ ಹಾರ್ಡ್‌ಡಿಸ್ಕ್ ತೆಗೆಸಿ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ, ಯುಪಿಎಸ್‌ನ ಬ್ಯಾಟರಿ ಬದಲಿಸಿ, ಮನೆಯ ಕಾಗದಪತ್ರ, ಫೋಟೋ ಏನಿದ್ದರೂ ಬೇರೆ ಕಡೆ ತೆಗೆದಿಟ್ಟು, ರಜೆಯಲ್ಲಿ ಮಕ್ಕಳ ಕೈಗೆ ಬಿಡಿ. ರೆಸಲ್ಯೂಶನ್ ಅವರೇ ಬದಲಿಸಲಿ. ಪರದೆ ಕಪ್ಪಾಗಿ 15 ಎಣಿಸಿದರೂ ಮರಳದಿದ್ದರೆ ಫೋನ್ ಮಾಡಲಿ, ಏನು ಕಾಣುತ್ತದೆ ಎಂಬುದನ್ನು ಮೊದಲು ಹೇಳಲಿ.